ಓದುಗರ ಪ್ರಶ್ನೆ: ಬಿಯರ್ ಲೇಬಲ್‌ಗಳಿಂದ ತಿಳಿಯುವುದೇನು?

ಪ್ರಶ್ನೆ: ಉದ್ಯೋಗದ ನಿಮಿತ್ತ ಏಳು ವರ್ಷ ಮ್ಯೂನಿಕ್‌ನಲ್ಲಿದ್ದೆ. ಅಲ್ಲಿಯೂ, ಜೆಕ್ ದೇಶ ಮತ್ತು ಬೆಲ್ಜಿಯಂ ಪ್ರವಾಸಗಳಲ್ಲಿಯೂ ಸಂಗ್ರಹಿಸಿದ ಮುನ್ನೂರಕ್ಕೂ ಹೆಚ್ಚು ಬಿಯರ್ ಲೇಬಲ್‌ಗಳು ನನ್ನಲ್ಲಿವೆ. ಚಿತ್ರಗಳ ಅಂದವಲ್ಲದೆ ಇವುಗಳಿಂದ ತಿಳಿಯುವುದು ಏನಾದರೂ ಇದೆಯೇ? ಇವನ್ನು ಹೇಗೆ ಜೋಡಿಸಿಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಖಂಡಿತ ಇದೆ, ಆದರೆ ಅದು ನಡುವಿನ ಚಿತ್ರಕ್ಕಿಂತ ಅಂಚಿನ ಸಣ್ಣ ಅಕ್ಷರಗಳಲ್ಲಿ ಹೆಚ್ಚಾಗಿ ಸಿಗುತ್ತದೆ. ಸಿಂಹ, ಸಂನ್ಯಾಸಿ, ಕೋಟೆಗಳು ಗಿರಾಕಿಯ ಕಣ್ಣು ಸೆಳೆಯಲು ಇರುವಂಥವು. ಆ ದೇಶದ ಕಾನೂನು ಮತ್ತು ವ್ಯಾಪಾರದ ಕಥೆ ಇರುವುದು ಅಂಚಿನಲ್ಲಿ.

ನಿಮ್ಮ ಮ್ಯೂನಿಕ್ ಲೇಬಲ್‌ಗಳಲ್ಲಿ ಹಲವದರ ಮೇಲೆ 1516 ಎಂಬ ಇಸವಿ ಕಾಣಬಹುದು. ಅದು ಬ್ರೂವರಿ (ಬಿಯರ್ ತಯಾರಿಸುವ ಕಾರ್ಖಾನೆ) ಆರಂಭವಾದ ವರ್ಷವಲ್ಲ. ಬಾರ್ಲಿ, ಹಾಪ್ಸ್ (ಕಹಿ ಕೊಡುವ ಒಂದು ಬಳ್ಳಿಯ ಹೂ) ಮತ್ತು ನೀರನ್ನು ಬಿಟ್ಟು ಬೇರೇನನ್ನೂ ಬಿಯರಿಗೆ ಬಳಸಕೂಡದೆಂದು, ಮ್ಯೂನಿಕ್ ಇರುವ ಬವೇರಿಯಾದಲ್ಲಿ ಹೊರಟ ಆಜ್ಞೆಯ ವರ್ಷ. ಗೋಧಿ ಬಿಯರಿನ ಲೇಬಲ್‌ಗಳ ಮೇಲೂ ಅದೇ ಇಸವಿ ಇದೆಯೇ ಎಂದು ಹುಡುಕಿ ನೋಡಿ. ಮೂಲ ಆಜ್ಞೆಯಲ್ಲಿ ಗೋಧಿಯ ಹೆಸರೇ ಇಲ್ಲ. ಆದರೂ ಮುಂದಿನ ಕಾನೂನು ಅಂಥ ಬಿಯರಿಗೆ ಗೋಧಿಯ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಕಾಳನ್ನು) ಒಪ್ಪಿಕೊಂಡದ್ದರಿಂದ, ಹಳೆಯ ಇಸವಿಯ ಗೌರವ ಅದಕ್ಕೂ ದೊರೆತಿದೆ. ಒಂದು ಸಂಪ್ರದಾಯ ತನ್ನ ಇತಿಹಾಸವನ್ನು ಹೇಗೆ ಹೇಳಿಕೊಳ್ಳುತ್ತದೆ ಎಂಬುದಕ್ಕೆ ಇಂಥ ಜೋಡಿ ಲೇಬಲ್‌ಗಳಿಗಿಂತ ಒಳ್ಳೆಯ ಸಾಕ್ಷ್ಯ ನನಗೆ ತಿಳಿದಿಲ್ಲ.

ಜೆಕ್ ಲೇಬಲ್‌ಗಳ ಮೇಲಿನ 10, 12 ಎಂಬ ದೊಡ್ಡ ಅಂಕಿಗಳನ್ನು ಮದ್ಯಸಾರದ ಪ್ರಮಾಣವೆಂದು ಹಲವರು ತಪ್ಪಾಗಿ ತಿಳಿಯುತ್ತಾರೆ. ಹುದುಗುವ ಮೊದಲು ನೂರು ಗ್ರಾಂ ಮಾಲ್ಟಿನ ರಸದಲ್ಲಿ ಎಷ್ಟು ಗ್ರಾಂ ಸಾರ ಕರಗಿದೆ ಎಂಬುದರ ಲೆಕ್ಕ ಅದು. 12 ಎಂದಿರುವ ಬಿಯರಿನಲ್ಲಿ ಮದ್ಯಸಾರ ಸುಮಾರು ಶೇಕಡಾ 5 ಮಾತ್ರ. ಚೆಸ್ಕೆ ಬುಡ್ಯೊವಿಟ್ಸೆ ಊರಿನ ಬುಡ್ವಾರ್ ಲೇಬಲ್ ನಿಮ್ಮಲ್ಲಿದ್ದರೆ, ಅದೇ ಬಿಯರಿನ ಅಮೆರಿಕದ ಲೇಬಲ್ಲನ್ನೂ ಸಂಪಾದಿಸಿ. ಆ ಊರಿಗೆ ಜರ್ಮನ್ ಭಾಷೆಯಲ್ಲಿರುವ ಬುಡ್‌ವೈಸ್ ಎಂಬ ಹೆಸರಿನಿಂದ ಬಂದ ಬಡ್‌ವೈಸರ್ ಎಂಬುದನ್ನು ಅಮೆರಿಕದ ಒಂದು ಬಿಯರ್ ಕಂಪನಿ 1876ರಿಂದಲೇ ಬಳಸುತ್ತಿತ್ತು. ಬುಡ್ವಾರ್ ಬ್ರೂವರಿ ಶುರುವಾದದ್ದು 1895ರಲ್ಲಿ. ಆ ಹೆಸರಿನ ಹಕ್ಕಿಗಾಗಿ ಇವೆರಡರ ನಡುವೆ ನಡೆದ ವ್ಯಾಜ್ಯದ ಫಲವಾಗಿ ಜೆಕ್ ಬಿಯರು ಅಮೆರಿಕದಲ್ಲಿ ಚೆಕ್ವಾರ್ ಎಂಬ ಹೆಸರಿನಲ್ಲಿ ಮಾರಾಟವಾಯಿತು.

ಬೆಲ್ಜಿಯಂನ ಲೇಬಲ್‌ಗಳಲ್ಲಿ ಟ್ರ್ಯಾಪಿಸ್ಟ್ ಎಂಬ ಕ್ರೈಸ್ತ ಸಂನ್ಯಾಸಿ ಪಂಥದ ಆರು ಮೂಲೆಯ ಮುದ್ರೆ ಇರುವವನ್ನು ಬೇರೆ ಇಡಿ. ಮಠದ ಆವರಣದಲ್ಲಿ, ಸಂನ್ಯಾಸಿಗಳ ಮೇಲ್ವಿಚಾರಣೆಯಲ್ಲಿ ತಯಾರಾದದ್ದಕ್ಕೆ ಸಲ್ಲುವ ಮುದ್ರೆ ಅದು. ಮಠದ ಹೆಸರಷ್ಟೇ ಇರುವ ಬಿಯರಿಗೆ ಅದು ಸಿಗದು. ವೆಸ್ಟ್‌ವ್ಲೆಟರೆನ್ ಮಠದ ಬಾಟಲಿಗೆ ಬಹುಕಾಲ ಲೇಬಲ್ಲೇ ಇರಲಿಲ್ಲ, ವಿವರವೆಲ್ಲ ಮುಚ್ಚಳದ ಮೇಲಿತ್ತು. ಆದ್ದರಿಂದ ಮುಚ್ಚಳಗಳನ್ನೂ ಎಸೆಯಬೇಡಿ.

ಜೋಡಿಸುವಾಗ ದೇಶ, ಬ್ರೂವರಿ, ವರ್ಷ ಎಂಬ ಕ್ರಮ ಸಾಕು. ಅದಕ್ಕಿಂತ ಮುಖ್ಯವಾದದ್ದು, ಕೊಂಡ ಊರು ಮತ್ತು ತಿಂಗಳನ್ನು ನೆನಪಿರುವಾಗಲೇ ಪ್ರತಿಯೊಂದರ ಹಿಂಬದಿ ಪೆನ್ಸಿಲಿನಿಂದ ಬರೆದಿಡುವುದು. ಒಂದೇ ಬಾಟಲಿಯ ಮುಂದಿನ, ಹಿಂದಿನ, ಕುತ್ತಿಗೆಯ ಲೇಬಲ್‌ಗಳನ್ನು ಅಗಲಿಸಬೇಡಿ. ಆಲ್ಬಮ್ಮಿಗೆ ಅಂಟಿನಿಂದ ಹಚ್ಚಿದರೆ ಹಿಂಬದಿಯ ಬರಹ ಮುಚ್ಚಿಹೋಗುತ್ತದೆ, ಗಂಜಿಯ ಅಂಟಾದರೆ ಹುಳುಗಳೂ ಬರುತ್ತವೆ. ಪಾರದರ್ಶಕ ಲಕೋಟೆಗಳಲ್ಲಿ ಸಡಿಲವಾಗಿ ಇರಿಸಿ, ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟಿನಲ್ಲಿ ಮಾತ್ರ ಇಡಬೇಡಿ.