ಬುಕಿಂಗ್ ಆಪ್‌ಗೆ ಒಂದೇ ಹುಕ್ ಸಾಕಾ?

ಮಲ್ಪೆ ಹೋಂಸ್ಟೇ ಆಪ್‌ನಲ್ಲಿ ಬಾಡಿಗೆ ಲೆಕ್ಕ, ಎಸ್‌ಎಂಎಸ್, ರಶೀದಿ ಮೂರಕ್ಕೂ ‘ಬುಕಿಂಗ್ ಸೇವ್’ ಅಂತ ಒಂದೇ ಹುಕ್ (ಬೇರೆ ಮಾಡ್ಯೂಲ್‌ಗಳ ಕೋಡ್ ಬಂದು ಸೇರಿಕೊಳ್ಳುವ ಜಾಗ) ಸಾಕಾ ಎಂದು ಕೇಳಿದ್ದೀರಿ. ಸಾಲದು. ಇಲ್ಲಿ ಎರಡು ಬೇರೆ ಬೇರೆ ಕೆಲಸ ಬೆರೆತಿವೆ.

ಬಾಡಿಗೆ ಮಾಡ್ಯೂಲ್ ಒಂದು ಮೊತ್ತ ತೆಗೆದುಕೊಂಡು, ಬದಲಿಸಿ ವಾಪಸ್ ಕೊಡಬೇಕು. ಎಸ್‌ಎಂಎಸ್‌ಗೆ ಸುದ್ದಿ ತಿಳಿದರೆ ಸಾಕು. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್‌ನಲ್ಲಿ ಮೊದಲನೆಯದು ಫಿಲ್ಟರ್, ಎರಡನೆಯದು ಆ್ಯಕ್ಷನ್. ಫಿಲ್ಟರ್‌ನಲ್ಲಿ ರಿಟರ್ನ್ ಮರೆತರೆ ಮೊತ್ತವೇ ಮಾಯ!

ಫಿಲ್ಟರ್‌ಗೆ ಸರದಿ ಬಹಳ ಮುಖ್ಯ. 2000 ರೂಪಾಯಿ ರೂಮಿಗೆ ಮಳೆಗಾಲದಲ್ಲಿ 200 ಕಡಿತ, ಶೇ. 5 ತೆರಿಗೆ ಅಂದುಕೊಳ್ಳಿ. (ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟೇ ಇಲ್ಲದಾಗ ಕಡಿಮೆ ಮಾಡಲೇಬೇಕು, ಅಲ್ವಾ?) ಕಡಿತ ಮೊದಲಾದರೆ 1890. ತೆರಿಗೆ ಮೊದಲಾದರೆ 1900. ಹಾಗಾಗಿ ಆದ್ಯತೆ ಸಂಖ್ಯೆಯನ್ನು ನೀವೇ ಕೊಡಿ. ವರ್ಡ್‌ಪ್ರೆಸ್‌ನಲ್ಲಿ ಚಿಕ್ಕ ಸಂಖ್ಯೆ ಮೊದಲು ಓಡುತ್ತದೆ, ಸುಮ್ನೆ ಬಿಟ್ಟರೆ 10. ಸಿಂಫೋನಿ ಎಂಬ ಪಿಎಚ್‌ಪಿ ಫ್ರೇಮ್‌ವರ್ಕ್‌ನಲ್ಲಿ ಉಲ್ಟಾ, ದೊಡ್ಡದು ಮೊದಲು.

ಎಸ್‌ಎಂಎಸ್, ರಶೀದಿ ಎರಡನ್ನೂ ಡೇಟಾಬೇಸ್ ಕಮಿಟ್ ಆದ (ಬುಕಿಂಗ್ ಖಾಯಂ ಆಗಿ ದಾಖಲಾದ) ಮೇಲಿನ ಈವೆಂಟ್‌ಗೆ ಕಟ್ಟಿ. ಮೊದಲೇ ಕಳಿಸಿ, ಆಮೇಲೆ ರೋಲ್‌ಬ್ಯಾಕ್ ಆದರೆ (ದಾಖಲೆ ರದ್ದಾದರೆ) ಬುಕ್ಕೇ ಆಗದ ರೂಮಿಗೆ ಅತಿಥಿ ಬಂದು ನಿಲ್ಲುತ್ತಾರೆ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್ ಬಳಸುತ್ತಿದ್ದರೆ ಇನ್ನೊಂದು ಮಾತು: ಅದರ ಈವೆಂಟ್‌ಎಮಿಟರ್ ಕೇಳುಗರನ್ನು (ಈವೆಂಟ್‌ಗೆ ಕಟ್ಟಿದ ಫಂಕ್ಷನ್‌ಗಳನ್ನು) ಒಬ್ಬರಾದ ಮೇಲೆ ಒಬ್ಬರಂತೆ ಕರೆಯುತ್ತದೆ. ಒಂದು ಎರರ್ ಎಸೆದರೆ ಮುಂದಿನವು ಓಡುವುದೇ ಇಲ್ಲ. ಎಸ್‌ಎಂಎಸ್ ಕೈಕೊಟ್ಟದ್ದಕ್ಕೆ ರಶೀದಿ ಯಾಕೆ ನಿಲ್ಲಬೇಕು? ಎರಡನ್ನೂ ಕ್ಯೂಗೆ (ಆಮೇಲೆ ಮಾಡುವ ಕೆಲಸಗಳ ಸಾಲಿಗೆ) ಹಾಕಿ, ಬುಕಿಂಗ್ ಐಡಿ ಮಾತ್ರ ಕಳಿಸಿ.