ನಮ್ಮೂರ ವೀರಗಲ್ಲಿಗೆ ಬೆಲೆ ಎಷ್ಟು?

ಪರಂಪರೆಗೆ ದುಡ್ಡಿನ ಬೆಲೆ ಕಟ್ಟೋಕೆ ಆಗುತ್ತಾ ಅಂತ ಕೇಳೋರಿದ್ದಾರೆ. ಉಳಿಸಿಕೊಳ್ಳೋ ಖರ್ಚನ್ನು ಖಂಡಿತ ಲೆಕ್ಕ ಹಾಕಬಹುದು. ಮಾರೋ ಬೆಲೆ ಮಾತ್ರ ಕಟ್ಟಬಾರದು ಅಂತೀನಿ.

ನಮ್ಮದು ಮುಳಬಾಗಿಲು ಕಡೆಯ ಹಳ್ಳಿ. ಕೆರೆ ಏರಿ ಪಕ್ಕ ಹುಣಸೆ ಮರದ ಕೆಳಗೆ ಒಂದು ವೀರಗಲ್ಲಿದೆ. ಕೆಳಗಿನ ಸಾಲಲ್ಲಿ ಬಿಲ್ಲು ಹಿಡಿದವನು, ಅವನ ಹಿಂದೆ ನಾಲ್ಕು ಹಸು. ಊರಿನ ದನ ಹೊಡೆದುಕೊಂಡು ಹೋಗೋರ ಜೊತೆ ಕಾದಾಡಿ ಸತ್ತವನು. ನಡುವಿನ ಸಾಲಲ್ಲಿ ಅಪ್ಸರೆಯರು ಅವನನ್ನು ಕರೆದುಕೊಂಡು ಹೋಗುತ್ತಿದ್ದಾರೆ, ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ನಮ್ಮಜ್ಜಿ ಹಸು ಕರು ಹಾಕಿದಾಗಲೆಲ್ಲ ಮೊದಲ ಗಿಣ್ಣು ಅಲ್ಲಿಟ್ಟೇ ನಮಗೆ ಕೊಡುತ್ತಿದ್ದರು. ತಲೆತಲಾಂತರದಿಂದ ಎಣ್ಣೆ ಹಚ್ಚಿ ಹಚ್ಚಿ ಅವನ ಮೂಗೇ ಸವೆದು ಹೋಗಿದೆ.

ಕೆಲವು ವರ್ಷದ ಹಿಂದೆ ಅದರ ಕೆಳಗೆ ನಿಧಿ ಇದೆ, ಕಲ್ಲಿಗೇ ಲಕ್ಷಗಟ್ಟಲೆ ಸಿಗುತ್ತೆ ಅಂತ ಯಾರೋ ಸುದ್ದಿ ಹಬ್ಬಿಸಿದರು. ಒಂದು ಅಮಾವಾಸ್ಯೆ ರಾತ್ರಿ ಬಂದು ಅಗೆದೇ ಬಿಟ್ಟರು. ಬೆಳಗ್ಗೆ ನೋಡಿದರೆ ಕಲ್ಲು ಬೋರಲು ಬಿದ್ದಿತ್ತು, ಒಂದು ಹಸುವಿನ ತಲೆ ಮುಕ್ಕಾಗಿತ್ತು. ನನಗೆ ಅಳುವೇ ಬಂತು. ಹಗ್ಗ ಕಟ್ಟಿ, ಟ್ರ್ಯಾಕ್ಟರಿನಲ್ಲಿ ಎಳೆದು ನಿಲ್ಲಿಸಿದೆವು. ಡೀಸೆಲ್ಲು, ಎಲ್ಲರಿಗೂ ಟೀ, ಅಷ್ಟೇ ಖರ್ಚು.

ಬೆಲೆ ಅಂದ ಕೂಡಲೇ ಕಳ್ಳರು ಹುಟ್ಟಿಕೊಳ್ಳುತ್ತಾರೆ. ತಮಿಳುನಾಡಿನ ಶ್ರೀಪುರಂದಾನ್ ಊರಿನ ದೇವಸ್ಥಾನದ ನಟರಾಜ ವಿಗ್ರಹವನ್ನು ಕದ್ದು ಸಾಗಿಸಿ, ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿಗೆ 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರಿಗೆ ಮಾರಿದ್ದರು. ಅಷ್ಟು ದುಡ್ಡು ಯಾರ ಕೈ ಸೇರಿತು? ಆ ಊರಿಗಂತೂ ಅಲ್ಲ, ಅಲ್ವಾ?

ಹಾಗಂತ ದುಡ್ಡಿನ ಮಾತೇ ಬೇಡ ಅಂತ ಅಲ್ಲ. ಕೇಂದ್ರದ ರಕ್ಷಣೆಯಲ್ಲಿರೋ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಮನೆ ಕಟ್ಟೋ ಹಾಗಿಲ್ಲ. ಅಲ್ಲಿ ಸೈಟು ಇಟ್ಟುಕೊಂಡ ಬಡವರಿಗೆ ಆಗೋ ನಷ್ಟ ರೂಪಾಯಿ ಲೆಕ್ಕದ ನಷ್ಟವೇ. ಅದನ್ನು ಸರ್ಕಾರ ಎಣಿಸಲೇಬೇಕು. ಕಾವಲುಗಾರನ ಸಂಬಳ, ಸೋರೋ ಚಾವಣಿ ರಿಪೇರಿ, ಇವನ್ನೂ ಎಣಿಸಲಿ.

ಆ ನಟರಾಜ 2014ರಲ್ಲಿ ವಾಪಸ್ ಬಂದ. ಅವನು ಆ ದೇವಸ್ಥಾನದವನೇ ಅಂತ ತೋರಿಸೋಕೆ ನೆರವಾಗಿದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆ ಅಲ್ಲಿಗೇ ಹೋಗಿ ತೆಗೆದಿಟ್ಟಿದ್ದ ಫೋಟೊಗಳು. ಅದನ್ನು ಓದಿದ ಮೇಲೆ ನಾನೂ ನಮ್ಮ ವೀರಗಲ್ಲಿನ ನಾಲ್ಕೂ ಕಡೆಯ ಫೋಟೊ ತೆಗೆದು, ಎತ್ತರ ಅಗಲ ಬರೆದು ಇಟ್ಟುಕೊಂಡಿದ್ದೀನಿ. ನಿಮ್ಮೂರಲ್ಲೂ ಇಂಥದ್ದು ಇದ್ದರೆ ಈ ಭಾನುವಾರವೇ ಹೋಗಿ ಫೋಟೊ ತೆಗೆದಿಡಿ. ಮುಕ್ಕಾಗಿರೋ ಜಾಗದ ಫೋಟೊವನ್ನಂತೂ ಹತ್ತಿರದಿಂದ ತೆಗೆಯಿರಿ, ಗುರುತು ಹಿಡಿಯೋಕೆ ಅದೇ ಜಾಸ್ತಿ ಉಪಯೋಗ.