ಎಂಯುಎನ್‌ನ (ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಯಾಗಿ ವಾದಿಸುವ ಅಣಕು ವಿಶ್ವಸಂಸ್ಥೆ) ಡಬ್ಲ್ಯುಎಚ್‌ಓ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿಯಲ್ಲಿ ನನಗೆ ಇಂಡೋನೇಷ್ಯಾ ಸಿಕ್ಕಿದೆ, ವಿಷಯ ಸಾಂಕ್ರಾಮಿಕ ಒಪ್ಪಂದ. ಮೆಡಿಕಲ್ ಗೊತ್ತಿಲ್ಲದವರು ಹೇಗೆ ತಯಾರಾಗುವುದು?

ಮೆಡಿಕಲ್ ಗೊತ್ತಿಲ್ಲ ಅಂತ ಹೆದರಬೇಡಿ. ನಾನೂ ಬಿ.ಕಾಂ. ಓದಿದವನು. ಆ ಸಮಿತಿಯಲ್ಲಿ ರೋಗಕ್ಕಿಂತ ದುಡ್ಡಿನ ಮಾತೇ ಜಾಸ್ತಿ.

ಮೊದಲ ಸಲ ನನಗೆ ಸ್ವಿಟ್ಜರ್ಲೆಂಡ್ ಸಿಕ್ಕಿತ್ತು. ಲಸಿಕೆಯ ಪೇಟೆಂಟ್ ತೆಗೆದುಹಾಕಿ, ಬಡವರ ಜೀವ ದೊಡ್ಡದು ಅಂತ ಭಾಷಣ ಬಿಗಿದೆ. ಚಪ್ಪಾಳೆಯೂ ಬಿತ್ತು. ಆಮೇಲೆ ದಕ್ಷಿಣ ಆಫ್ರಿಕಾ ಆಗಿದ್ದ ಹುಡುಗಿ ಎದ್ದು, "2020ರ ಅಕ್ಟೋಬರ್‌ನಲ್ಲಿ ನಾವೂ ಭಾರತವೂ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ (ಡಬ್ಲ್ಯುಟಿಓ) ಇದನ್ನೇ ಕೇಳಿದೆವು. ಆಗ ಬೇಡ ಅಂದವರಲ್ಲಿ ನೀವೂ ಇದ್ದಿರಿ ಅಲ್ವಾ?" ಅಂದಳು. ದೊಡ್ಡ ಔಷಧ ಕಂಪನಿಗಳಾದ ರೋಶ್, ನೊವಾರ್ಟಿಸ್ ಎರಡೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನವು ಅನ್ನೋದು ಕೂಡ ನನಗೆ ಹೊಳೆದಿರಲಿಲ್ಲ! ಉತ್ತರ ಹುಡುಕುವಷ್ಟರಲ್ಲಿ ಚೇರ್ (ಸಭೆ ನಡೆಸುವವರು) ಸಮಯ ಮುಗಿಯಿತು ಅಂದರು. ಬದುಕಿದೆ.

ನಿಮ್ಮ ಅದೃಷ್ಟ ಚೆನ್ನಾಗಿದೆ, ಇಂಡೋನೇಷ್ಯಾಕ್ಕೆ ಹೇಳಿಕೊಳ್ಳಲು ಒಳ್ಳೆಯ ಕಥೆಯಿದೆ. ಹಕ್ಕಿಜ್ವರದ ಎಚ್5ಎನ್1 ವೈರಸ್ ಅಲ್ಲಿ ಜನರನ್ನು ಕೊಲ್ಲುತ್ತಿದ್ದ ಕಾಲ. ಆ ದೇಶ ಡಬ್ಲ್ಯುಎಚ್‌ಓ ಜಾಲದ ಪ್ರಯೋಗಾಲಯಗಳಿಗೆ ವೈರಸ್ ಮಾದರಿಗಳನ್ನು ಪುಕ್ಕಟೆಯಾಗಿ ಕಳಿಸುತ್ತಿತ್ತು. ಆಸ್ಟ್ರೇಲಿಯಾದ ಕಂಪನಿಯೊಂದು ಅದೇ ವೈರಸ್‌ನಿಂದ ಲಸಿಕೆ ಮಾಡುತ್ತಿದೆ ಅಂತ ಆಮೇಲೆ ತಿಳಿಯಿತು. ವೈರಸ್ ನಮ್ಮದು, ಲಸಿಕೆಯನ್ನು ಮಾತ್ರ ನಾವು ದುಡ್ಡು ಕೊಟ್ಟು ಕೊಳ್ಳಬೇಕಾ? ಆಗಿನ ಆರೋಗ್ಯ ಸಚಿವೆ ಸಿತಿ ಫದಿಲಾ ಸುಪಾರಿ ಮಾದರಿ ಕಳಿಸುವುದನ್ನೇ ನಿಲ್ಲಿಸಿದರು. 2007ರಲ್ಲಿ ಇದು ದೊಡ್ಡ ಗಲಾಟೆಯಾಯಿತು. ಜಗತ್ತನ್ನೇ ಅಪಾಯಕ್ಕೆ ತಳ್ಳುತ್ತಿದ್ದೀರಿ ಅಂತ ಬೈದವರೂ ಇದ್ದರು. ಆ ಬೈಗುಳದಲ್ಲೂ ಹುರುಳಿತ್ತು, ಅದಕ್ಕೊಂದು ಉತ್ತರ ರೆಡಿ ಇಟ್ಟುಕೊಳ್ಳಿ. ಕೊನೆಗೆ 2011ರಲ್ಲಿ ಫ್ಲೂ ವೈರಸ್‌ಗಳ ಮಟ್ಟಿಗೆ 'ಪಿಐಪಿ ಫ್ರೇಮ್‌ವರ್ಕ್' ಅನ್ನುವ ಡಬ್ಲ್ಯುಎಚ್‌ಓ ನಿಯಮಾವಳಿ ಬಂತು. ಮಾದರಿ ಪಡೆಯುವ ಕಂಪನಿಗಳು ಬದಲಿಗೆ ಏನಾದರೂ ಕೊಡಲೇಬೇಕು.

ಈಗಿನ ಜಗಳವೂ ಅದೇ. 2025ರ ಮೇ 20ರಂದು ಜಿನೀವಾದಲ್ಲಿ ಡಬ್ಲ್ಯುಎಚ್‌ಓ ಸದಸ್ಯ ದೇಶಗಳು ಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿದವು. ಹಿಂದಿನ ದಿನ ಅಲ್ಲಿನ ಸಮಿತಿಯಲ್ಲಿ 124 ದೇಶಗಳು ಪರ, ವಿರೋಧ ಸೊನ್ನೆ, ತಟಸ್ಥ 11. ಕಷ್ಟದ ಭಾಗವನ್ನು ಮಾತ್ರ 'ಪ್ಯಾಬ್ಸ್' (ರೋಗಾಣುಗಳ ಮಾದರಿ, ಅದರಿಂದ ಬರುವ ಲಾಭ ಎರಡನ್ನೂ ಹಂಚಿಕೊಳ್ಳುವ ವ್ಯವಸ್ಥೆ) ಅನ್ನುವ ಅನುಬಂಧಕ್ಕೆ ತಳ್ಳಿದರು: ಮಾದರಿ ಕೊಟ್ಟವರಿಗೆ ಏನು ಸಿಗಬೇಕು? ಒಪ್ಪಂದ ಹೇಳುವ ಪ್ರಕಾರ, ಇದಕ್ಕೆ ಸೇರುವ ಕಂಪನಿಗಳು ಸಾಂಕ್ರಾಮಿಕದ ಹೊತ್ತಿನಲ್ಲಿ ತಯಾರಿಸುವ ಲಸಿಕೆ, ಔಷಧದಲ್ಲಿ ಶೇ. 20ರಷ್ಟು ಡಬ್ಲ್ಯುಎಚ್‌ಓಗೆ ಸಿಗುವಂತೆ ಮಾಡಬೇಕು. ಅದರಲ್ಲಿ ಕನಿಷ್ಠ ಅರ್ಧ ದಾನ. ನಾನಾಗಿದ್ದರೆ ಮೂರು ದಿನವೂ ಈ ಶೇ. 20ರ ಸುತ್ತಲೇ ಗಿರಕಿ ಹೊಡೆಯುತ್ತಿದ್ದೆ.

ಸಮಿತಿಯ ಮುಂದಿಡುವ ಕರಡು ನಿರ್ಣಯದಲ್ಲಿ (ಡ್ರಾಫ್ಟ್) "ಡಬ್ಲ್ಯುಎಚ್‌ಓ ದಂಡ ಹಾಕುತ್ತದೆ" ಅಂತೆಲ್ಲ ಬರೆಯಬೇಡಿ. ದೇಶಗಳಿಗೆ ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ನಮ್ಮ ಬ್ಲಾಕ್ (ಒಟ್ಟಿಗೆ ಡ್ರಾಫ್ಟ್ ಬರೆಯುವ ದೇಶಗಳ ಗುಂಪು) ಹಾಗೆ ಬರೆದು, ಚೇರ್ ಆ ಅಂಶವನ್ನೇ ಹೊಡೆದುಹಾಕಿದರು. 'ಒತ್ತಾಯಿಸುತ್ತದೆ', 'ಕೋರುತ್ತದೆ' ಅಂತಿದ್ದರೆ ಸಾಕು.

ಅನ್‌ಮಾಡರೇಟೆಡ್ ಕಾಕಸ್ (ಎದ್ದು ಓಡಾಡಿ ಮಾತಾಡಿಕೊಳ್ಳುವ ಬಿಡುವು) ಶುರುವಾದ ತಕ್ಷಣ ಆಫ್ರಿಕಾ ದೇಶಗಳ ಹತ್ತಿರ ಹೋಗಿ. ಪ್ಯಾಬ್ಸ್ ವಿಷಯದಲ್ಲಿ ಅವರು ನಿಮ್ಮ ಕಡೆಯೇ. ಡ್ರಾಫ್ಟ್ ಟೈಪ್ ಮಾಡುವ ಲ್ಯಾಪ್‌ಟಾಪ್ ನಿಮ್ಮದೇ ಆಗಿರಲಿ. ಚಾರ್ಜರ್ ಮರೆಯಬೇಡಿ.